ಗಡ್ಡೆಯೊಳಗಿನ ಕತ್ತರಿ

ನ್ಯೂಯಾರ್ಕ್ ರಾಜ್ಯದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದ ಏಡ್ರಿಯನ್ ಕ್ರೈನರ್ ಅವರ ತಂಡ ಆರ್‌ಎನ್‌ಎ ಸ್ಪ್ಲೈಸಿಂಗ್ ಬಗ್ಗೆ 2007ರಲ್ಲಿ ಪ್ರಕಟಿಸಿದ ಪ್ರಬಂಧಕ್ಕೂ 2012ರಲ್ಲಿ ಅದರ ಬೆನ್ನಿಗೆ ಬಂದ ಇನ್ನೊಂದಕ್ಕೂ ಸ್ತನ ಕ್ಯಾನ್ಸರ್ ಸಂಶೋಧನೆಯಲ್ಲಿ ದೊಡ್ಡ ಹೆಸರಿದೆ. ಆ ಹೆಸರು ನ್ಯಾಯವಾಗಿ ಬಂದದ್ದೇ. ಆದರೆ ಈ ಬಗೆಯ ಸಂಶೋಧನೆಯ ಆಸರೆಯಲ್ಲಿ ಬೆಳೆದ ಔಷಧದ ಭರವಸೆಗಳನ್ನು ಅಷ್ಟು ಸಲೀಸಾಗಿ ಒಪ್ಪುವಂತಿಲ್ಲ.

ಪ್ರೋಟೀನ್ ತಯಾರಿಗೆಂದು ಜೀನ್‌ನಿಂದ ಮೊದಲು ಹೊರಬರುವ ಆರ್‌ಎನ್‌ಎ ಪ್ರತಿ ಹಾಗೇ ಬಳಕೆಗೆ ಬರುವುದಿಲ್ಲ. ನಡುನಡುವಿನ ಇಂಟ್ರಾನ್ ಎಂಬ ತುಣುಕುಗಳನ್ನು ಕತ್ತರಿಸಿ ತೆಗೆದು, ಉಳಿದ ಎಕ್ಸಾನ್ ಎಂಬ ತುಣುಕುಗಳನ್ನು ಜೋಡಿಸಬೇಕು. ಇದೇ ಸ್ಪ್ಲೈಸಿಂಗ್. 1977ರಲ್ಲಿ ಪತ್ತೆಯಾದ ಇದು 1993ರಲ್ಲಿ ರಿಚರ್ಡ್ ರಾಬರ್ಟ್ಸ್ ಮತ್ತು ಫಿಲಿಪ್ ಶಾರ್ಪ್ ಅವರಿಗೆ ನೊಬೆಲ್ ತಂದಿತು. ಒಂದೇ ಯಕ್ಷಗಾನ ಪ್ರಸಂಗದ ಪದ್ಯಗಳಲ್ಲಿ ಬೇಕಾದ್ದನ್ನು ಆರಿಸಿಕೊಂಡು ಭಾಗವತರು ಇಡೀ ರಾತ್ರಿಯ ಆಟವನ್ನೂ ಮೂರು ಗಂಟೆಯ ಕಾಲಮಿತಿಯ ಆಟವನ್ನೂ ನಡೆಸಿಕೊಡುವ ಹಾಗೆ, ಒಂದೇ ಜೀನ್‌ನಿಂದ ಬೇರೆ ಬೇರೆ ಉದ್ದದ ಪ್ರೋಟೀನ್‌ಗಳು ಹುಟ್ಟುತ್ತವೆ. ಕೆಲವೊಮ್ಮೆ ಅವು ಒಂದಕ್ಕೊಂದು ತದ್ವಿರುದ್ಧ ಕೆಲಸ ಮಾಡುವುದೂ ಉಂಟು.

ಈ ಆಯ್ಕೆಯಲ್ಲಿ ಕೈಯಾಡಿಸುವ ಪ್ರೋಟೀನ್‌ಗಳಲ್ಲಿ ಎಸ್‌ಆರ್‌ಎಸ್‌ಎಫ್1 ಒಂದು. ಸ್ತನದ ಗಡ್ಡೆಗಳೂ ಸೇರಿ ಹಲವು ಗಡ್ಡೆಗಳಲ್ಲಿ ಅದರ ಪ್ರಮಾಣ ಹೆಚ್ಚಿರುವುದನ್ನು 2007ರ ಪ್ರಬಂಧ ತೋರಿಸಿತು. ಅಷ್ಟಕ್ಕೇ ನಿಂತಿದ್ದರೆ, ರೋಗ ಬಂದಮೇಲೆ ಏರಿದ್ದಿರಬೇಕು ಎಂದು ತಳ್ಳಿಹಾಕಬಹುದಿತ್ತು. ತಂಡ ಇಲಿಯ ಕೋಶಗಳಲ್ಲಿ ಈ ಪ್ರೋಟೀನ್ ಹೆಚ್ಚಿಸಿ, ಆ ಕೋಶಗಳನ್ನು ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳಿಗೆ ಚುಚ್ಚಿತು, ಗಡ್ಡೆ ಬೆಳೆಯಿತು. ಕತ್ತರಿಸುವ ಕೆಲಸದ ಏರುಪೇರು ರೋಗದ ನೆರಳು ಮಾತ್ರವಲ್ಲ, ರೋಗಕ್ಕೆ ಕಾರಣವೂ ಆಗಬಹುದು ಎಂಬುದು ಹೀಗೆ ಗಟ್ಟಿಯಾಯಿತು.

2012ರ ಪ್ರಯೋಗ ನನಗೆ ಇನ್ನೂ ಇಷ್ಟ. ಎಂಸಿಎಫ್-10ಎ ಎಂಬ, ಕ್ಯಾನ್ಸರ್ ಅಲ್ಲದ ಸ್ತನಕೋಶಗಳನ್ನು ಜೆಲ್‌ನಲ್ಲಿ ಬೆಳೆಸಿದರೆ ಅವು ಸಣ್ಣ ಗೋಲಿಗಳಾಗುತ್ತವೆ. ನಡುವಿನ ಕೋಶಗಳು ತಾವಾಗಿಯೇ ಸತ್ತು, ಹಾಲಿನ ಗ್ರಂಥಿಯಲ್ಲಿರುವಂತೆ ಒಳಗೆ ಟೊಳ್ಳು ಉಳಿಯುತ್ತದೆ. ಎಸ್‌ಆರ್‌ಎಸ್‌ಎಫ್1 ಹೆಚ್ಚಿಸಿದಾಗ ಗೋಲಿಗಳು ದಪ್ಪವಾದವು. ಕೋಶಗಳು ಹೆಚ್ಚು ವಿಭಜಿಸಿದವು, ಸಾಯುವುದು ಕಡಿಮೆಯಾಯಿತು. ಕೋಶವನ್ನು ಸಾವಿನತ್ತ ದೂಡಬೇಕಾದ ಬಿಮ್ ಮತ್ತು ಬಿನ್1 ಜೀನ್‌ಗಳಿಂದ ಆ ಕೆಲಸ ಮಾಡಲಾರದ ರೂಪಗಳು ಹುಟ್ಟುತ್ತಿದ್ದವು. ಕ್ಯಾನ್ಸರ್ ಬೆಳೆಸುವುದರಲ್ಲಿ ಕುಖ್ಯಾತವಾದ ಮಿಕ್ ಜೀನ್‌ನ ಜೊತೆಗೆ ಎಸ್‌ಆರ್‌ಎಸ್‌ಎಫ್1 ಕೈಜೋಡಿಸುತ್ತದೆ ಎಂಬುದೂ ಇಲ್ಲೇ ಕಂಡಿತು.

ತಕರಾರು ಶುರುವಾಗುವುದು ಇಲ್ಲಿಂದ. ಎಸ್‌ಆರ್‌ಎಸ್‌ಎಫ್1 ಬದಲಿಸುವುದು ನೂರಾರು ಆರ್‌ಎನ್‌ಎಗಳನ್ನು. ಅವುಗಳಲ್ಲಿ ಪರಿಚಿತ ಹೆಸರಿನ ಎರಡನ್ನು ಎತ್ತಿಕೊಂಡು ಕತೆ ಹೇಳಿದರೆ ಕತೆ ಸೊಗಸಾಗಿರುತ್ತದೆ, ಆದರೆ ಉಳಿದವುಗಳ ಪಾಲೆಷ್ಟು? ಕ್ಷೇತ್ರದ ದೌರ್ಬಲ್ಯವೇ ಇದು: ಗಡ್ಡೆಯಲ್ಲಿ ಬದಲಾದ ಸ್ಪ್ಲೈಸಿಂಗ್‌ನ ಪಟ್ಟಿಗಳು ಉದ್ದವಾಗುತ್ತ ಹೋಗಿವೆ, ಗಡ್ಡೆಯನ್ನು ಬೆಳೆಸುವುದು ಯಾವುದು, ಸುಮ್ಮನೆ ಜೊತೆಗೆ ಬಂದದ್ದು ಯಾವುದು ಎಂಬ ವಿಂಗಡಣೆ ಹಿಂದೆ ಬಿದ್ದಿದೆ. ಕೆಲವು ಸ್ತನ ಗಡ್ಡೆಗಳಲ್ಲಿ ಅತಿಯಾಗುವ ಹರ್2 ಜೀನ್‌ನಲ್ಲಿ 16ನೇ ಎಕ್ಸಾನ್ ಬಿಟ್ಟುಹೋದಾಗ ಹುಟ್ಟುವ ರೂಪದ ವಿಷಯದಲ್ಲೂ ಚಿತ್ರ ಪೂರ್ತಿ ಸ್ಪಷ್ಟವಿಲ್ಲ. ಅದು ಬಲವಾಗಿ ಗಡ್ಡೆ ಬೆಳೆಸುವುದು ನಿಜ. ಆದರೆ ಹರ್2ಗೆಂದೇ ಇರುವ ಔಷಧ ಟ್ರಾಸ್ಟುಜುಮಾಬ್‌ಗೆ ಅದು ಬಗ್ಗುತ್ತದೋ ಇಲ್ಲವೋ ಎಂಬ ಬಗ್ಗೆ ಪ್ರಯೋಗಾಲಯಗಳ ಉತ್ತರ ಒಂದೇ ಥರ ಇಲ್ಲ.

ಔಷಧಕ್ಕೆ ಬರೋಣ. ಇದೇ ಕ್ರೈನರ್ ಅವರ ಸಂಶೋಧನೆಯಿಂದ ಬಂದ ನುಸಿನರ್ಸೆನ್, ಬೆನ್ನುಹುರಿಯ ನರಕೋಶಗಳು ನಶಿಸುವ ಎಸ್‌ಎಂಎ ಕಾಯಿಲೆಗೆ 2016ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ಸ್ಪ್ಲೈಸಿಂಗ್ ತಿದ್ದಿ ಕ್ಯಾನ್ಸರ್ ವಾಸಿ ಮಾಡಬಹುದು ಎನ್ನುವವರು ಮೊದಲು ಹೇಳುವುದು ಇದನ್ನೇ. ಹೋಲಿಕೆ ನಿಲ್ಲುವುದಿಲ್ಲ. ಅಲ್ಲಿ ತಿದ್ದಬೇಕಾದದ್ದು ಒಂದು ಜೀನ್‌ನ ಒಂದು ಎಕ್ಸಾನ್. ಔಷಧವನ್ನು ಬೆನ್ನುಹುರಿಯ ದ್ರವಕ್ಕೇ ಚುಚ್ಚುತ್ತಾರೆ. ಮೂಳೆ, ಶ್ವಾಸಕೋಶ, ಯಕೃತ್ತಿಗೆ ಹರಡಿದ ಸ್ತನ ಕ್ಯಾನ್ಸರಿಗೆ ಅಂಥ ಅನುಕೂಲ ಯಾವುದೂ ಇಲ್ಲ. ಕೋಶದೊಳಗೆ ಸ್ಪ್ಲೈಸಿಂಗ್ ಮಾಡುವ ಯಂತ್ರವನ್ನೇ ತಡೆಯುವ ಇ7107 ಎಂಬ ಔಷಧದ ಪ್ರಯೋಗದಲ್ಲಿ ಕೆಲವು ರೋಗಿಗಳ ದೃಷ್ಟಿಗೆ ಪೆಟ್ಟಾಗಿ ಕೆಲಸ ನಿಂತಿತು. ಅದೇ ಬಗೆಯ ಎಚ್3ಬಿ-8800 ಔಷಧವನ್ನು ರಕ್ತದ ಕಾಯಿಲೆಗಳ ಮೇಲೆ ಪರೀಕ್ಷಿಸಿದಾಗ ಸಂಪೂರ್ಣ ಅಥವಾ ಭಾಗಶಃ ಗುಣ ಯಾರಲ್ಲೂ ಕಾಣಲಿಲ್ಲ ಎಂದು 2021ರ ವರದಿ ಹೇಳಿತು. ಆರೋಗ್ಯವಂತ ಕೋಶಕ್ಕೂ ಬೇಕಾದ ಯಂತ್ರವನ್ನು ನಿಲ್ಲಿಸಹೊರಟರೆ ಇಂಥದ್ದು ಅನಿರೀಕ್ಷಿತವೇನಲ್ಲ.

ಹಾಗಾದರೆ ಈ ವಿದ್ಯೆಯ ಉಪಯೋಗ ಎಲ್ಲಿ? ನನ್ನ ಲೆಕ್ಕದಲ್ಲಿ, ಡಿಎನ್‌ಎ ರಿಪೇರಿಗೆ ಬೇಕಾದ, ಕೆಟ್ಟರೆ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಬಿಆರ್‌ಸಿಎ1 ಜೀನ್‌ನಲ್ಲಿ. ಆ ಜೀನ್‌ನ 11ನೇ ಎಕ್ಸಾನ್ ಒಂದೇ ಸುಮಾರು 3,400 ಅಕ್ಷರಗಳಷ್ಟು ದೊಡ್ಡದು; ಪ್ರೋಟೀನ್‌ನ ಅರ್ಧಕ್ಕೂ ಹೆಚ್ಚು ಭಾಗ ಅದರದ್ದೇ. ಅಲ್ಲಿ ಆನುವಂಶಿಕ ದೋಷವಿರುವ ಗಡ್ಡೆ ಡಿಎನ್‌ಎ ರಿಪೇರಿಯ ಇನ್ನೊಂದು ದಾರಿ ಮುಚ್ಚುವ ಪಾರ್ಪ್ ಔಷಧಗಳಿಗೂ ಕಿಮೊ ಔಷಧ ಸಿಸ್ಪ್ಲಾಟಿನ್‌ಗೂ ಬಲಿಯಾಗಬೇಕು. ಆದರೆ ಕೆಲವು ಗಡ್ಡೆಕೋಶಗಳು ಆ ಎಕ್ಸಾನ್‌ನ ಬಹುಭಾಗವನ್ನು ದೋಷದ ಸಮೇತ ಕತ್ತರಿಸಿ ಬಿಸಾಡಿ, ಎರಡು ತುದಿಗಳು ಉಳಿದ ಗಿಡ್ಡ ಪ್ರೋಟೀನ್ ಮಾಡಿಕೊಳ್ಳುತ್ತವೆ. ಅಷ್ಟರಿಂದಲೇ ಡಿಎನ್‌ಎ ರಿಪೇರಿ ಒಂದಿಷ್ಟು ನಡೆದು ಔಷಧ ನಾಟುವುದಿಲ್ಲ. ಫಿಲಡೆಲ್ಫಿಯಾದ ಫಾಕ್ಸ್ ಚೇಸ್ ಕ್ಯಾನ್ಸರ್ ಕೇಂದ್ರದವರು 2016ರಲ್ಲಿ ಇದನ್ನು ತೋರಿಸಿದರು. ಇಲ್ಲಿ ಪಟ್ಟಿಯ ಗೊಂದಲವಿಲ್ಲ: ಒಂದು ಜೀನ್, ಒಂದು ಕಡಿತ, ಹಾಸಿಗೆಯ ಪಕ್ಕದ ಡಾಕ್ಟರಿಗೂ ಅರ್ಥವಾಗುವ ಫಲ.

ರೋಗ ಬರುವ ಮೊದಲೂ ಸ್ಪ್ಲೈಸಿಂಗ್‌ನ ಈ ವಿದ್ಯೆ ನೆರವಿಗೆ ಬರುತ್ತದೆ. ಬಿಆರ್‌ಸಿಎ ತಪಾಸಣೆ ಮಾಡುವ ಖಾಸಗಿ ಲ್ಯಾಬ್‌ಗಳು ಈಗ ಬೆಂಗಳೂರಿನಲ್ಲೇ ಇವೆ. ಅವುಗಳ ವರದಿಯಲ್ಲಿ ಮಹತ್ವ ತಿಳಿಯದ ಬದಲಾವಣೆ ಎಂಬ ಸಾಲು ಬಂದರೆ ತಪಾಸಣೆ ಮಾಡಿಸಿಕೊಂಡ ಹೆಂಗಸು ತಂಗಿಗೆ ಏನು ಹೇಳಬೇಕು, ತಾನು ಆಪರೇಶನ್‌ಗೆ ಒಪ್ಪಬೇಕೋ ಬೇಡವೋ ತೋಚದೆ ಕೂರುತ್ತಾಳೆ. ಎಕ್ಸಾನ್‌ನ ಅಂಚಿನಲ್ಲಿ ಒಂದು ಅಕ್ಷರ ಬದಲಾದರೆ, ಪ್ರೋಟೀನ್‌ನ ಮಟ್ಟಿಗೆ ಅದು ನಿರುಪದ್ರವಿಯಂತೆ ಕಂಡರೂ, ಇಡೀ ಎಕ್ಸಾನ್ ಉದುರಿಹೋಗಬಹುದು. ರಕ್ತದಿಂದ ತೆಗೆದ ಆರ್‌ಎನ್‌ಎಯಲ್ಲಿ ಅದನ್ನು ನೇರವಾಗಿ ನೋಡಬಹುದು. ತೊಡಕು ಇಲ್ಲೂ ಇದೆ. ಆರೋಗ್ಯವಂತರಲ್ಲೂ ಬಿಆರ್‌ಸಿಎ1ರ ಗಿಡ್ಡ ರೂಪಗಳು ಸಹಜವಾಗಿ ಇರುತ್ತವೆ. ಎಷ್ಟು ಇದ್ದರೆ ಸಹಜ ಎಂಬ ಅಳತೆ ಮೊದಲು ಬೇಕು. ಈಗಿನ ಜೆನೆಟಿಕ್ ದಾಖಲೆಗಳ ಬಹುಪಾಲು ಯುರೋಪ್ ಮೂಲದವರದ್ದು. ನಮ್ಮ ಹೆಂಗಸರ ಅಳತೆಯನ್ನು ನಮ್ಮ ಲ್ಯಾಬ್‌ಗಳೇ ತೆಗೆಯಬೇಕು.