ಪರವಾನಗಿ ಮತ್ತು ನಿರಾಕರಣೆಯ ಹಕ್ಕು: ವೇಶ್ಯಾವೃತ್ತಿಯ ಕಾನೂನು ಮಾನ್ಯತೆಯ ಪ್ರಶ್ನೆ

೧

ವೇಶ್ಯಾವೃತ್ತಿಗೆ ಕಾನೂನಿನ ಮಾನ್ಯತೆ ನೀಡಿ ಅದನ್ನು ಸರ್ಕಾರದ ನಿಯಂತ್ರಣಕ್ಕೆ ಒಳಪಡಿಸಬೇಕೆ ಎಂಬ ಪ್ರಶ್ನೆ ಭಾರತದಲ್ಲಿ ಹೊಸದೇನೂ ಅಲ್ಲ. ಮಾನ್ಯತೆ ದೊರೆತರೆ ಪೊಲೀಸರ ಕಿರುಕುಳ ತಪ್ಪುತ್ತದೆ, ರೋಗ ಹರಡುವುದು ನಿಲ್ಲುತ್ತದೆ ಎಂದು ಒಂದು ಪಕ್ಷ ವಾದಿಸುತ್ತದೆ. ಹೆಣ್ಣಿನ ದೇಹದ ಮಾರಾಟಕ್ಕೆ ಪ್ರಭುತ್ವ ಮುದ್ರೆಯೊತ್ತುವುದು ಅವಳ ಘನತೆಗೆ ಕುಂದು ಎಂದು ಇನ್ನೊಂದು ಪಕ್ಷ ಪ್ರತಿವಾದಿಸುತ್ತದೆ. ಈ ಎರಡೂ ಪಕ್ಷಗಳು ‘ಕಾನೂನುಬದ್ಧಗೊಳಿಸುವುದು’ ಎಂಬ ಒಂದೇ ಮಾತಿನಲ್ಲಿ ಬೇರೆ ಬೇರೆ ಅರ್ಥಗಳನ್ನು ತುಂಬುವುದರಿಂದ ಚರ್ಚೆ ಮುಂದೆ ಸಾಗುವುದಿಲ್ಲ.

ಈ ಮಾತಿನೊಳಗೆ ಕನಿಷ್ಠ ಎರಡು ಪ್ರತ್ಯೇಕ ವ್ಯವಸ್ಥೆಗಳಿವೆ. ಮೊದಲನೆಯದು ಪರವಾನಗಿ ಪದ್ಧತಿ: ಪ್ರಭುತ್ವ ವೃತ್ತಿನಿರತರನ್ನು ನೋಂದಾಯಿಸಿ, ಸ್ಥಳವನ್ನು ಗೊತ್ತುಮಾಡಿ, ವೈದ್ಯಕೀಯ ತಪಾಸಣೆಯನ್ನು ಕಡ್ಡಾಯಗೊಳಿಸುತ್ತದೆ. ಎರಡನೆಯದು ಅಪರಾಧಮುಕ್ತಗೊಳಿಸುವಿಕೆ: ವಯಸ್ಕರ ಸಮ್ಮತಿಯ ವ್ಯವಹಾರವನ್ನು ದಂಡಸಂಹಿತೆಯಿಂದ ಹೊರಗಿಟ್ಟು, ಬಲಾತ್ಕಾರ, ಸಾಗಾಣಿಕೆ ಮತ್ತು ಅಪ್ರಾಪ್ತರ ಬಳಕೆಯನ್ನು ಮಾತ್ರ ಶಿಕ್ಷಾರ್ಹವಾಗಿ ಉಳಿಸುವುದು. ಇವೆರಡಕ್ಕೂ ಎದುರಾಗಿ ನಿಂತಿರುವುದು ನಿರ್ಮೂಲನವಾದ. ಕನ್ನಡನಾಡು ಪರವಾನಗಿ ಪದ್ಧತಿಯನ್ನೂ ನಿರ್ಮೂಲನವಾದವನ್ನೂ ಅನುಭವಿಸಿದೆ. ಆ ಅನುಭವ ಶಾಸನಗಳಲ್ಲಿ, ಪ್ರವಾಸಕಥನಗಳಲ್ಲಿ, ಕಾವ್ಯ-ಕಾದಂಬರಿಗಳಲ್ಲಿ ದಾಖಲಾಗಿದೆ. ಯಾವ ಕಾನೂನನ್ನಾದರೂ ಅಳೆಯಬೇಕಾದ ಮಾನದಂಡ ಆ ಹೆಣ್ಣಿಗೆ ‘ಒಲ್ಲೆ’ ಎನ್ನುವ ಶಕ್ತಿಯನ್ನು ಅದು ಹೆಚ್ಚಿಸುತ್ತದೆಯೇ ಎಂಬುದು. ಈ ಆಕರಗಳನ್ನು ಒಟ್ಟಿಗೆ ಓದಿದಾಗ ಸ್ಪಷ್ಟವಾಗುವ ಸಂಗತಿಯೂ ಅದೇ.

೨

ಪ್ರಾಚೀನ ಭಾರತದಲ್ಲಿ ಪ್ರಭುತ್ವ ಈ ವೃತ್ತಿಯನ್ನು ಮುಖ್ಯವಾಗಿ ಕಂಡದ್ದು ಆದಾಯದ ಮೂಲವಾಗಿ. ಕೌಟಿಲ್ಯನ ಅರ್ಥಶಾಸ್ತ್ರ ಗಣಿಕಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದೆ. ರೂಪಾಜೀವೆಯರು ತಿಂಗಳಿಗೆ ಎರಡು ದಿನದ ಗಳಿಕೆಯನ್ನು ತೆರಿಗೆಯಾಗಿ ಕೊಡಬೇಕು. ಗಣಿಕೆಯ ಬಿಡುಗಡೆಯ ಬೆಲೆ ೨೪,೦೦೦ ಪಣ. ಗಣಿಕೆಯ ಮೇಲೆ ಹಲ್ಲೆ ಮಾಡಿದವನಿಗೆ ದಂಡವುಂಟು. ಆದರೆ ಅರಸನ ಆಜ್ಞೆಯಾದಾಗ ಪುರುಷನ ಬಳಿಗೆ ಹೋಗಲು ಒಪ್ಪದ ಗಣಿಕೆಗೂ ದಂಡವುಂಟು. ರಕ್ಷಣೆ ಮತ್ತು ನಿರಾಕರಣೆಯ ನಿಷೇಧ ಒಂದೇ ಪ್ರಕರಣದಲ್ಲಿ ಸೇರಿಕೊಂಡಿರುವುದು ಗಮನಾರ್ಹ. ನಿಯಂತ್ರಣದ ಈ ಸ್ವರೂಪ ಮುಂದೆಯೂ ಮರುಕಳಿಸುತ್ತದೆ.

೧೪೪೩ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಟಂಕಸಾಲೆಯ ಹಿಂಬದಿಯಲ್ಲಿದ್ದ ವೇಶ್ಯಾವಾಟಿಕೆಯನ್ನು ವಿವರವಾಗಿ ಬಣ್ಣಿಸಿದ್ದಾನೆ. ನಗರದ ಕಾವಲಿಗೆ ನಿಂತ ೧೨,೦೦೦ ಮಂದಿಗೆ ದಿನವೊಂದಕ್ಕೆ ಸಲ್ಲುತ್ತಿದ್ದ ೧೨,೦೦೦ ಪಣಗಳ ಸಂಬಳ ಈ ಕೇರಿಯ ಆದಾಯದಿಂದ ಬರುತ್ತಿತ್ತೆಂದು ಅವನು ಹೇಳುತ್ತಾನೆ. ಅಂಕಿಯಲ್ಲಿ ಪ್ರವಾಸಿಯ ಉತ್ಪ್ರೇಕ್ಷೆ ಇರಬಹುದಾದರೂ ವ್ಯವಸ್ಥೆಯ ತರ್ಕ ಸ್ಪಷ್ಟವಾಗಿದೆ: ಊರಿನ ಕಾವಲಿನವರ ಅನ್ನ ಈ ಹೆಂಗಸರ ದುಡಿಮೆಯಿಂದ ನಡೆಯುತ್ತಿತ್ತು.

ಕನ್ನಡದ ಕಾವ್ಯಪರಂಪರೆ ಇಂತಹ ಕೇರಿಯನ್ನು ನಗರದ ಅಲಂಕಾರವಾಗಿ ನೋಡಿತು. ಪಂಪನ ‘ವಿಕ್ರಮಾರ್ಜುನ ವಿಜಯ’ದ ನಾಲ್ಕನೆಯ ಆಶ್ವಾಸದಲ್ಲಿ ಅರ್ಜುನ ಸೂಳೆಗೇರಿಯಲ್ಲಿ ಸಂಚರಿಸುವ ಭಾಗದಿಂದ ಮೊದಲುಗೊಂಡು ಚಂಪೂ ಕವಿಗಳಲ್ಲಿ ವೇಶ್ಯಾವಾಟಿಕೆ ವರ್ಣನೆಯ ಒಂದು ವಸ್ತುವಾಯಿತು. ಕೇರಿಯಲ್ಲಿ ನಡೆದುಹೋಗುವವನ ಕಣ್ಣು ಅಲ್ಲಿದೆ. ಕೇರಿಯಲ್ಲಿ ಬಾಳುವವಳ ಕಣ್ಣು ಅಪರೂಪ. ಆದರೆ ‘ಸೂಳೆ’ ಎಂಬ ಪದ ಅಂದು ಇಂದಿನಂತೆ ಬೈಗುಳವಾಗಿರಲಿಲ್ಲವೆಂಬುದಕ್ಕೆ ಶಾಸನಗಳ ಸಾಕ್ಷ್ಯವಿದೆ. ಎಂಟನೆಯ ಶತಮಾನದ ಆರಂಭದಲ್ಲಿ ಬಾದಾಮಿ ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆಯಾಗಿದ್ದ ವಿನಾಪೋಟಿ ಮಹಾಕೂಟದ ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಛತ್ರವನ್ನೂ ಅರ್ಪಿಸಿದುದನ್ನು ಅಲ್ಲಿಯ ಶಾಸನ ಆ ಪದವನ್ನು ಗೌರವದಿಂದಲೇ ಬಳಸಿ ದಾಖಲಿಸಿದೆ. ಅರಸನ ಆಶ್ರಯದ ಒಬ್ಬಳ ಸ್ಥಾನವನ್ನು ಕೇರಿಯ ಎಲ್ಲರ ಸ್ಥಾನವೆಂದು ಭಾವಿಸುವುದು ತಪ್ಪಾದೀತು. ಪದಕ್ಕೆ ಅಂಟಿದ ಕಳಂಕಕ್ಕೂ ಒಂದು ಚರಿತ್ರೆಯಿದೆ ಎಂಬಷ್ಟು ಮಾತ್ರ ಇದರಿಂದ ಸಿದ್ಧವಾಗುತ್ತದೆ.

ಹನ್ನೆರಡನೆಯ ಶತಮಾನದ ವಚನಕಾರ್ತಿ ಸೂಳೆ ಸಂಕವ್ವೆ ಈ ಹಿನ್ನೆಲೆಯಲ್ಲಿ ಅಸಾಧಾರಣಳಾಗಿ ಕಾಣುತ್ತಾಳೆ. ನಿರ್ಲಜ್ಜೇಶ್ವರ ಅಂಕಿತದ ಅವಳ ಒಂದೇ ವಚನ ಉಳಿದುಬಂದಿದೆ. ಒಬ್ಬನಿಂದ ಒತ್ತೆಯನ್ನು ಪಡೆದ ಮೇಲೆ ಮತ್ತೊಬ್ಬನ ಒತ್ತೆಯನ್ನು ಹಿಡಿಯಬಾರದೆಂಬ ವೃತ್ತಿನಿಯಮವನ್ನೇ ಅವಳು ತನ್ನ ಭಕ್ತಿನಿಷ್ಠೆಯ ರೂಪಕವಾಗಿಸುತ್ತಾಳೆ. ಈ ವಚನವನ್ನು ಆಧ್ಯಾತ್ಮಿಕ ಸಂಕೇತವಾಗಿ ಮಾತ್ರ ಓದುವುದು ಸಾಮಾನ್ಯ. ಅದರಲ್ಲಿ ವೃತ್ತಿಯ ಕರಾರೂ ನಿರಾಕರಣೆಯೂ ಇವೆ. ಎರಡನೆಯವನಿಗೆ ಇಲ್ಲವೆನ್ನುವ ಅಧಿಕಾರ ತನ್ನದೆಂದು ಅವಳು ಬಗೆದಿದ್ದಾಳೆ. ವೃತ್ತಿಯನ್ನು ಹೆಸರಿನಲ್ಲಿ ಮುಚ್ಚಿಡದೆಯೇ ಶರಣರ ಸಾಲಿನಲ್ಲಿ ಅವಳು ನಿಂತಿರುವುದೂ ಗಮನಾರ್ಹ.

೩

ಆಧುನಿಕ ಅರ್ಥದ ಪರವಾನಗಿ ಪದ್ಧತಿ ಭಾರತಕ್ಕೆ ಬಂದದ್ದು ದಂಡಿನ ಮೂಲಕ. ೧೮೬೪ರ ದಂಡುಪ್ರದೇಶ ಕಾಯಿದೆ ಮತ್ತು ೧೮೬೮ರ ಸಾಂಕ್ರಾಮಿಕ ರೋಗಗಳ ಕಾಯಿದೆ ಬ್ರಿಟಿಷ್ ಸೈನಿಕರಲ್ಲಿ ಹೆಚ್ಚಿದ್ದ ಲೈಂಗಿಕ ರೋಗಗಳನ್ನು ತಡೆಯಲು ರೂಪುಗೊಂಡವು. ಹೆಂಗಸರು ಹೆಸರು ನೋಂದಾಯಿಸಿ ಚೀಟಿ ಪಡೆಯಬೇಕಾಗಿತ್ತು. ನಿಗದಿತ ಅವಧಿಗೊಮ್ಮೆ ತಪಾಸಣೆಗೆ ಒಳಗಾಗಬೇಕಾಗಿತ್ತು. ರೋಗ ಕಂಡುಬಂದರೆ ಗುಣವಾಗುವವರೆಗೆ ‘ಲಾಕ್ ಆಸ್ಪತ್ರೆ’ಯಲ್ಲಿ ಬಂಧಿತರಾಗಿರಬೇಕಾಗಿತ್ತು. ಬೆಂಗಳೂರಿನ ದಂಡು ಪ್ರದೇಶದಲ್ಲಿಯೂ ಇಂತಹ ಆಸ್ಪತ್ರೆ ಇತ್ತು. ಸೈನಿಕನಿಗೆ ಇಂತಹ ನೋಂದಣಿಯ ಹೊರೆ ಇರಲಿಲ್ಲ. ರೋಗ ಇಬ್ಬರ ನಡುವೆ ಹರಡುವುದಾದರೂ ಅದರ ಹೊಣೆಯನ್ನು ಕಾನೂನು ಒಬ್ಬಳ ಮೇಲೆಯೇ ಹೊರಿಸಿತು.

ನೋಂದಣಿಗೆ ಹೆದರಿ ಹೆಂಗಸರು ತಪ್ಪಿಸಿಕೊಳ್ಳುತ್ತಿದ್ದರು. ತಪ್ಪಿಸಿಕೊಂಡವರನ್ನು ಹಿಡಿಯುವ ಅಧಿಕಾರ ಕೆಳಹಂತದ ಪೊಲೀಸರ ಕೈಯಲ್ಲಿ ಹೊಸ ಸುಲಿಗೆಯ ಸಾಧನವಾಗುತ್ತಿತ್ತು. ಇಂಗ್ಲೆಂಡಿನಲ್ಲಿ ಜೋಸೆಫೀನ್ ಬಟ್ಲರ್ ಮುಂದಾಳುತನದ ಚಳವಳಿಯಿಂದಾಗಿ ಅಲ್ಲಿಯ ಸಮಾನ ಕಾಯಿದೆ ೧೮೮೬ರಲ್ಲಿಯೂ ಭಾರತದ ಕಾಯಿದೆ ೧೮೮೮ರಲ್ಲಿಯೂ ರದ್ದಾದವು. ನಿಯಂತ್ರಣದಿಂದ ಆರೋಗ್ಯ ಸುಧಾರಿಸುತ್ತದೆ ಎಂಬ ಇಂದಿನ ವಾದವನ್ನು ಮಂಡಿಸುವವರು ಈ ಎರಡು ದಶಕಗಳ ಪ್ರಯೋಗವನ್ನು ಎದುರಿಸಲೇಬೇಕು.

೪

ನಿಯಂತ್ರಣದ ಬಳಿಕ ಬಂದದ್ದು ನಿರ್ಮೂಲನದ ಯುಗ. ಮೈಸೂರು ಸಂಸ್ಥಾನ ೧೯೦೯ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಮುಂಬಯಿ ಪ್ರಾಂತದಲ್ಲಿ ೧೯೩೪ರಲ್ಲಿ, ಮದರಾಸು ಪ್ರಾಂತದಲ್ಲಿ ೧೯೪೭ರಲ್ಲಿ, ಕರ್ನಾಟಕದಲ್ಲಿ ೧೯೮೨ರಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ಕಾಯಿದೆಗಳು ರಚಿತವಾದವು. ದೇವದಾಸಿ ಪದ್ಧತಿಯನ್ನು ವೇಶ್ಯಾವೃತ್ತಿಯೊಡನೆ ಸಮೀಕರಿಸುವುದು ಚರಿತ್ರೆಗೆ ಅಪಚಾರ. ಆದರೂ ಸುಧಾರಣೆಯ ಭಾಷೆ ಇವೆರಡನ್ನೂ ಒಂದಾಗಿಸಿತು. ನಂಜನಗೂಡಿನಲ್ಲಿ ಜನಿಸಿದ ಬೆಂಗಳೂರು ನಾಗರತ್ನಮ್ಮ ೧೯೧೦ರಲ್ಲಿ ಮುದ್ದುಪಳನಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು ಪ್ರಕಟಿಸಿದಾಗ ಅದು ಅಶ್ಲೀಲವೆಂದು ನಿಷೇಧಕ್ಕೊಳಗಾಯಿತು. ನಿಷೇಧ ತೆರವಾದುದು ೧೯೪೭ರಲ್ಲಿ. ವೃತ್ತಿಯೊಡನೆ ಆ ಹೆಂಗಸರ ವಿದ್ಯೆಯೂ ಅನುಮಾನಕ್ಕೆ ಗುರಿಯಾದುದಕ್ಕೆ ಇದು ಸಾಕ್ಷಿ.

ನಿರ್ಮೂಲನವಾದದ ಅತ್ಯಂತ ಬಲವಾದ ತರ್ಕ ಜಾತಿಯ ನೆಲೆಯಿಂದ ಬಂದದ್ದು. ೧೯೩೬ರ ಜೂನ್‌ನಲ್ಲಿ ಮುಂಬಯಿಯಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರು ಕಾಮಾಟಿಪುರದ ಹೆಂಗಸರನ್ನೂ ದೇವದಾಸಿ, ಜೋಗತಿ, ಮುರಳಿಯರನ್ನೂ ಉದ್ದೇಶಿಸಿ ಆ ಬದುಕನ್ನು ತೊರೆಯುವಂತೆ ಕರೆ ನೀಡಿದರು. ಉತ್ತರ ಕರ್ನಾಟಕದಲ್ಲಿ ಮುತ್ತು ಕಟ್ಟಿಸಿಕೊಂಡವರಲ್ಲಿ ಬಹುಪಾಲು ದಲಿತ ಸಮುದಾಯಗಳ ಹೆಣ್ಣುಮಕ್ಕಳೇ ಆಗಿರುವಾಗ ‘ಆಯ್ಕೆ’ ಎಂಬ ಮಾತನ್ನು ಹಗುರವಾಗಿ ಬಳಸಲಾಗದು. ಬಾಲ್ಯದಲ್ಲಿಯೇ ಮುಡಿಪಾದವಳು ಆಯ್ದುಕೊಂಡದ್ದೇನು ಎಂಬ ಪ್ರಶ್ನೆಗೆ ಮಾನ್ಯತೆಯ ಪರವಾದಿಗಳು ಉತ್ತರ ಕೊಡಬೇಕಾಗುತ್ತದೆ. ಅಂಬೇಡ್ಕರರ ಕರೆ ಆ ಹೆಂಗಸರ ಸ್ವಾಭಿಮಾನವನ್ನು ಉದ್ದೇಶಿಸಿತ್ತು. ಪ್ರಭುತ್ವ ಅದೇ ಗುರಿಯನ್ನು ದಂಡನೆಯ ಮೂಲಕ ಸಾಧಿಸಲು ಹೊರಟಾಗ ಫಲ ಬೇರೆಯಾಯಿತು. ಕರ್ನಾಟಕದಲ್ಲಿ ೧೯೯೩-೯೪ ಮತ್ತು ೨೦೦೭-೦೮ರಲ್ಲಿ ನಡೆದ ಎರಡು ಸಮೀಕ್ಷೆಗಳು ಒಟ್ಟು ೪೬,೬೬೦ ದೇವದಾಸಿಯರನ್ನು ಗುರುತಿಸಿದವು. ಇವರಲ್ಲಿ ಕಾಯಿದೆಗೆ ಮೊದಲೇ ಮುಡಿಪಾದವರೂ ಸೇರಿದ್ದರಿಂದ ಈ ಸಂಖ್ಯೆಯೊಂದರಿಂದಲೇ ಕಾಯಿದೆಯ ಸೋಲನ್ನು ಸಾರಲಾಗದು. ಆದರೆ ಪದ್ಧತಿಯನ್ನು ನಿಷೇಧಿಸುವುದು ಸುಲಭ, ಅದರೊಳಗಿದ್ದವರಿಗೆ ಬದುಕು ಕಟ್ಟಿಕೊಡುವುದು ದೀರ್ಘಕಾಲದ ಹೊಣೆ ಎಂಬುದನ್ನು ಅದು ತೋರಿಸುತ್ತದೆ.

ರಾಷ್ಟ್ರಮಟ್ಟದಲ್ಲಿ ೧೯೫೬ರಲ್ಲಿ ರಚಿತವಾಗಿ ೧೯೮೬ರ ತಿದ್ದುಪಡಿಯಿಂದ ಹೊಸ ಹೆಸರು ಪಡೆದ ಅನೈತಿಕ ವ್ಯವಹಾರ (ತಡೆ) ಅಧಿನಿಯಮ ವಿಚಿತ್ರವಾದ ಮಧ್ಯಮಾರ್ಗವನ್ನು ಹಿಡಿದಿದೆ. ವೃತ್ತಿ ತಾನಾಗಿ ಅಪರಾಧವಲ್ಲ. ಅದರ ಸುತ್ತಲಿನ ಬಹುತೇಕ ಎಲ್ಲವೂ ಅಪರಾಧ. ಇಬ್ಬರು ಹೆಂಗಸರು ಪರಸ್ಪರ ಲಾಭಕ್ಕಾಗಿ ಒಂದೇ ಮನೆಯನ್ನು ಬಳಸಿದರೂ ಅದು ವೇಶ್ಯಾಗೃಹವೆನಿಸುತ್ತದೆ. ಹೀಗೆ ಸುರಕ್ಷತೆಗಾಗಿ ಜೊತೆಗಿರುವುದೇ ಅಪರಾಧಕ್ಕೆ ದಾರಿಯಾಗುತ್ತದೆ. ಅವಳ ಗಳಿಕೆಯಲ್ಲಿ ಬದುಕುವ, ಹದಿನೆಂಟು ದಾಟಿದ ಯಾರನ್ನಾದರೂ ನಾಲ್ಕನೆಯ ಪ್ರಕರಣ ಶಿಕ್ಷಿಸಬಲ್ಲದು. ಓದುತ್ತಿರುವ ಮಗನೂ ವೃದ್ಧ ತಾಯಿಯೂ ಇದರ ವ್ಯಾಪ್ತಿಗೆ ಬರಬಹುದು. ಸಾರ್ವಜನಿಕವಾಗಿ ಕರೆಯುವ ಅಪರಾಧಕ್ಕೆ ಎಂಟನೆಯ ಪ್ರಕರಣ ಹೆಣ್ಣಿಗೆ ಆರು ತಿಂಗಳವರೆಗಿನ ಸೆರೆಯನ್ನು ವಿಧಿಸಿದರೆ, ಅದೇ ಅಪರಾಧವನ್ನು ಗಂಡು ಮಾಡಿದಾಗ ಅವಧಿ ಮೂರು ತಿಂಗಳನ್ನು ಮೀರುವುದಿಲ್ಲ.

೫

ಕಾನೂನು ಹೀಗೆ ಸಾಗಿದ ಕಾಲದಲ್ಲಿಯೇ ಕನ್ನಡದ ಆಧುನಿಕ ಸಾಹಿತ್ಯವೂ ಈ ವಸ್ತುವನ್ನು ಎದುರುಗೊಂಡಿತು. ಅ. ನ. ಕೃಷ್ಣರಾಯರ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳು ವೇಶ್ಯಾಸಮಸ್ಯೆಯನ್ನು ನೇರವಾಗಿ ಕೈಗೆತ್ತಿಕೊಂಡವು. ಅವುಗಳ ಮೇಲೆ ಅಶ್ಲೀಲತೆಯ ಆರೋಪ ಬಂದಾಗ ಲೇಖಕರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಕೃತಿಯಲ್ಲಿ ಸಮರ್ಥನೆ ನೀಡಬೇಕಾಯಿತು. ಚರ್ಚೆಯ ಕೇಂದ್ರ ಬಹುಬೇಗ ಓದುಗನ ಮನಸ್ಸು ಕೆಡುತ್ತದೆಯೇ ಎಂಬ ಪ್ರಶ್ನೆಗೆ ಸರಿಯಿತು. ಕಾದಂಬರಿಯ ವಸ್ತುವಾದ ಹೆಣ್ಣಿನ ಬದುಕು ಹಿನ್ನೆಲೆಗೆ ಹೋಯಿತು. ೧೮೬೮ರ ಕಾಯಿದೆ ಗ್ರಾಹಕನ ಆರೋಗ್ಯದ ಬಗ್ಗೆ ಚಿಂತಿಸಿದ ಹಾಗೆಯೇ ಈ ವಿಮರ್ಶೆ ಓದುಗನ ನೈತಿಕ ಆರೋಗ್ಯದ ಬಗ್ಗೆ ಚಿಂತಿಸಿತೆನ್ನಬಹುದು.

ಎಂ. ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ ಮತ್ತು ಅದನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ೧೯೬೯ರಲ್ಲಿ ನಿರ್ದೇಶಿಸಿದ ಚಲನಚಿತ್ರ ಮಗಳ ಪಾಡನ್ನು ಮುಂದಿಟ್ಟವು. ಹುಟ್ಟೇ ವೃತ್ತಿಯನ್ನು ನಿರ್ಧರಿಸುವಲ್ಲಿ ಅವಳು ಬಯಸುವ ಗೃಹಸ್ಥ ಬದುಕಿನ ಬಾಗಿಲನ್ನು ಮುಚ್ಚುವುದು ಸಮಾಜದ ಕಣ್ಣು. ಅದಕ್ಕೆ ಯಾವ ಕಾಯಿದೆಯ ನೆರವೂ ಬೇಕಿಲ್ಲ. ಶಿವರಾಮ ಕಾರಂತರ ‘ಮೈಮನಗಳ ಸುಳಿಯಲ್ಲಿ’ (೧೯೭೦) ಇನ್ನೊಂದು ದಾರಿ ಹಿಡಿಯಿತು. ಬಸರೂರಿನ ಮಂಜುಳೆ ತನ್ನ ಬದುಕಿಗೆ ಬಂದ ಗಂಡಸರನ್ನು ತಾನೇ ಅಳೆಯುತ್ತಾಳೆ. ಯಾರಲ್ಲಿ ಮೈ ಮಾತ್ರ ಬೇಡಿಕೆಯಾಗಿತ್ತು, ಯಾರಲ್ಲಿ ಮನಸ್ಸೂ ಇತ್ತು ಎಂಬ ವಿವೇಚನೆ ಅವಳದು. ಸಂಕವ್ವೆಯ ಬಳಿಕ ಕನ್ನಡದಲ್ಲಿ ಈ ವೃತ್ತಿಯ ಹೆಣ್ಣು ತೂಗಿನೋಡುವವಳ ಸ್ಥಾನದಲ್ಲಿ ಇಷ್ಟು ದೃಢವಾಗಿ ನಿಂತದ್ದು ವಿರಳ. ಆದರೂ ಮಂಜುಳೆಗೆ ಕಲೆಯ, ಮನೆತನದ, ಆಸ್ತಿಯ ಬೆಂಬಲವಿತ್ತು. ಅವಳ ನಿರಾಕರಣೆಗೆ ಬಲ ಬಂದದ್ದು ಅಲ್ಲಿಂದ. ರಸ್ತೆಬದಿಯಲ್ಲಿ ನಿಂತವಳಿಗೆ ಆ ಬಲವನ್ನು ಯಾರು ಕೊಡಬೇಕು ಎಂಬುದು ಕಾದಂಬರಿ ಕಾನೂನಿಗೆ ಬಿಟ್ಟುಕೊಡುವ ಪ್ರಶ್ನೆ.

೬

ಇತರ ದೇಶಗಳ ಅನುಭವ ಈ ವಿವೇಚನೆಗೆ ಪೂರಕವಾಗಿದೆ. ಸ್ವೀಡನ್ ೧೯೯೯ರಲ್ಲಿ ಕೊಳ್ಳುವವನನ್ನು ಮಾತ್ರ ಶಿಕ್ಷಿಸುವ ಕಾನೂನು ತಂದಿತು. ನೆದರ್ಲೆಂಡ್ಸ್ ೨೦೦೦ದಲ್ಲಿ ವೇಶ್ಯಾಗೃಹಗಳ ಮೇಲಿನ ನಿಷೇಧವನ್ನು ತೆಗೆದುಹಾಕಿತು. ನ್ಯೂಜಿಲೆಂಡ್ ೨೦೦೩ರಲ್ಲಿ ವೃತ್ತಿಯನ್ನು ಅಪರಾಧಮುಕ್ತಗೊಳಿಸಿತು. ೨೦೦೨ರಲ್ಲಿ ಮಾನ್ಯತೆ ನೀಡಿದ ಜರ್ಮನಿ ೨೦೧೭ರಿಂದ ನೋಂದಣಿಯನ್ನು ಕಡ್ಡಾಯಗೊಳಿಸಿತು. ೨೦೨೨ರ ಕೊನೆಗೆ ಅಲ್ಲಿ ನೋಂದಾಯಿತರಾದವರು ಸುಮಾರು ೨೮,೦೦೦ ಮಂದಿ. ವೃತ್ತಿಯಲ್ಲಿರುವವರ ಅಂದಾಜುಗಳು ಇದಕ್ಕಿಂತ ಬಹಳ ಹೆಚ್ಚು. ಕಳಂಕ ಉಳಿದಿರುವವರೆಗೆ ಹೆಸರು ಬರೆಸಲು ಹೆಣ್ಣು ಹಿಂಜರಿಯುತ್ತಾಳೆ. ಬರೆಸದವಳು ಮತ್ತೆ ಕಾನೂನಿನ ಹೊರಗೇ ಉಳಿಯುತ್ತಾಳೆ.

ಭಾರತದಲ್ಲಿ ಬದಲಾವಣೆಯ ಸೂಚನೆ ವೃತ್ತಿನಿರತರ ಸಂಘಟನೆಗಳಿಂದಲೇ ಬಂದಿತು. ೧೯೯೫ರಲ್ಲಿ ಕೊಲ್ಕತ್ತದಲ್ಲಿ ಹುಟ್ಟಿದ ದುರ್ಬಾರ್ ಮಹಿಳಾ ಸಮನ್ವಯ ಸಮಿತಿ, ಮೈಸೂರಿನ ಆಶೋದಯ ಸಮಿತಿ ಮೊದಲಾದವು ರೋಗತಡೆಯ ಕಾರ್ಯವನ್ನು ಬಲವಂತದ ತಪಾಸಣೆಯಿಂದ ಬಿಡಿಸಿ ಸಮುದಾಯದ ಕೈಗೆ ತಂದವು. ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ೨೦೨೨ರ ಮೇ ೧೯ರಂದು ನೀಡಿದ ಆದೇಶ ಇದೇ ದಿಕ್ಕಿನದು. ಪೊಲೀಸರು ಲೈಂಗಿಕ ಕಾರ್ಯಕರ್ತೆಯರನ್ನು ಘನತೆಯಿಂದ ನಡೆಸಿಕೊಳ್ಳಬೇಕೆಂದೂ ಅವರಿಗೆ ಆಧಾರ್ ಚೀಟಿ ನೀಡುವಾಗ ವೃತ್ತಿಯನ್ನು ಸೂಚಿಸುವ ಯಾವ ಸಂಕೇತವೂ ಇರಕೂಡದೆಂದೂ ಅದು ನಿರ್ದೇಶಿಸಿತು.

೧೮೬೮ರ ಚೀಟಿಯನ್ನೂ ೨೦೨೨ರ ಚೀಟಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಪ್ರಶ್ನೆಯ ತಿರುಳು ಸಿಗುತ್ತದೆ. ಮೊದಲನೆಯದು ಹೆಣ್ಣನ್ನು ಅವಳ ವೃತ್ತಿಗೆ ಕಟ್ಟಿಹಾಕಿತು. ಎರಡನೆಯದು ಅವಳನ್ನು ಪ್ರಜೆಯೆಂದು ಗುರುತಿಸಿ ವೃತ್ತಿಯ ಬಗ್ಗೆ ಮೌನ ವಹಿಸಿತು. ಪಡಿತರ, ಬ್ಯಾಂಕ್ ಖಾತೆ, ಮಕ್ಕಳ ಶಾಲೆ, ಅತ್ಯಾಚಾರವಾದಾಗ ದೂರು ಕೊಡುವ ಅವಕಾಶ ಇವು ಕೈಗೆಟುಕಿದಷ್ಟೂ ಒಬ್ಬ ಗಿರಾಕಿಯನ್ನು ನಿರಾಕರಿಸುವ, ಬೇಡವೆನಿಸಿದಾಗ ವೃತ್ತಿಯನ್ನೇ ತೊರೆಯುವ ಶಕ್ತಿ ಅವಳಲ್ಲಿ ಬೆಳೆಯುತ್ತದೆ. ಈ ದೃಷ್ಟಿಯಿಂದ ಪರವಾನಗಿ ಪದ್ಧತಿಯನ್ನು ಒಪ್ಪಲಾಗದು. ಅವಳ ಮನೆಯನ್ನೂ ಮಕ್ಕಳನ್ನೂ ಜೊತೆಗಾತಿಯನ್ನೂ ಅಪರಾಧದ ವಲಯಕ್ಕೆ ಎಳೆಯುವ ಪ್ರಕರಣಗಳನ್ನು ಉಳಿಸಿಕೊಳ್ಳುವುದನ್ನೂ ಒಪ್ಪಲಾಗದು. ಸಾಗಾಣಿಕೆ ಮತ್ತು ಅಪ್ರಾಪ್ತರ ಶೋಷಣೆಯ ವಿರುದ್ಧದ ಕಾಠಿಣ್ಯ ಸಡಿಲವಾಗಬೇಕಿಲ್ಲ. ಅಂಬೇಡ್ಕರರು ಬಯಸಿದ ನಿರ್ಗಮನಕ್ಕೂ ಸಂಕವ್ವೆಯ ವಚನದಲ್ಲಿ ಕಾಣುವ ನಿರಾಕರಣೆಗೂ ಬೇಕಾದ ನೆಲ ಒಂದೇ. ಆ ನೆಲವನ್ನು ಒದಗಿಸುವುದು ಪ್ರಭುತ್ವದ ಕರ್ತವ್ಯ.