ಹುಣ್ಣಿಮೆಗೆ ಟ್ರೇ, ಅಮಾವಾಸ್ಯೆಗೆ ಮಣ್ಣು

ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂದ ಮರುದಿನ ನಮ್ಮ ಪಡಸಾಲೆಯ ಕಿಟಕಿಯ ಬಳಿ ಮೊಟ್ಟೆಯ ಖಾಲಿ ಟ್ರೇ ಬಂದು ಕೂರುತ್ತದೆ. ಒಂದೊಂದು ಕುಳಿಗೆ ಒಂದೊಂದು ಆಲೂಗಡ್ಡೆ, ಕಣ್ಣುಗಳು ಒತ್ತಾಗಿರುವ ತುದಿ ಮೇಲೆ. ಪಕ್ಕದ ಮನೆಯ ಕಾಕಾ ಪ್ರತಿವರ್ಷ ಕೇಳುತ್ತಾರೆ: 'ಏನ್ರೀ, ಗಡ್ಡಿ ಕಾವಿಗೆ ಕುಂದ್ರಿಸೀರೇನು?' ಅವರು ನಗಲೆಂದು ಹೇಳಿದರೂ ಮಾತು ಸುಳ್ಳಲ್ಲ.

ನಮ್ಮೂರು ತಾವರಗೇರಾ ಆಲೂಗಡ್ಡೆಯ ಸೀಮೆಯಲ್ಲ; ಸಜ್ಜೆ, ಜೋಳ, ತೊಗರಿಯ ನೆಲ. ಹಾಸನದವರು ಮೇ ತಿಂಗಳಲ್ಲಿ ಜಲಂಧರದ ಬೀಜಗಡ್ಡೆ ಕೊಂಡು ಮುಂಗಾರಿಗೇ ಊರುತ್ತಾರೆ. ಆ ತಂಪು ನಮಗೆಲ್ಲಿಂದ ಬರಬೇಕು? ಬಿಸಿಯಲ್ಲೂ ಗಿಡ ಹಸಿರಾಗಿ ಮೇಲೇಳುತ್ತದೆ, ಮೋಸ ಇರುವುದೇ ಅಲ್ಲಿ. ರಾತ್ರಿಯ ಉಷ್ಣಾಂಶ 20 ಡಿಗ್ರಿಗಿಂತ ಕೆಳಗಿಳಿಯದೆ ಬುಡದಲ್ಲಿ ಗಡ್ಡೆ ಚೆನ್ನಾಗಿ ಕಟ್ಟುವುದಿಲ್ಲ. ದೀಪಾವಳಿಗೆ ಊರಿದರೆ ಗಡ್ಡೆ ಕಟ್ಟುವ ಹೊತ್ತಿಗೆ ಡಿಸೆಂಬರ್ ಚಳಿ ಸಿಗುತ್ತದೆ, ಶಿವರಾತ್ರಿಯ ಬಿಸಿಲಿಗೆ ಮೊದಲೇ ಕೀಳಬಹುದು. ನಮ್ಮ ಚಳಿ ಗಿಡ್ಡ. ಅದರಲ್ಲಿ ಒಂದು ವಾರವನ್ನೂ ಮಣ್ಣೊಳಗೆ ಮೊಳಕೆಗಾಗಿ ಕಾಯುತ್ತ ಕಳೆಯಬಾರದು. ಹುಣ್ಣಿಮೆಯಿಂದ ಅಮಾವಾಸ್ಯೆಯವರೆಗಿನ ಹದಿನೈದು ದಿನ ಆ ಕಾಯುವಿಕೆ ಕಿಟಕಿಯ ಬಳಿಯೇ ಮುಗಿಯಲಿ.

ಕಿಟಕಿಯೇ ಏಕೆ? ಅಡುಗೆಮನೆಯ ಮೂಲೆಯ ಬುಟ್ಟಿಯಲ್ಲಿ ಮರೆತ ಗಡ್ಡೆ ನೋಡಿ: ಗೇಣುದ್ದದ ಬಿಳಿಚಿದ ಮೊಳಕೆ, ಮುಟ್ಟಿದರೆ ಮುರಿಯುತ್ತದೆ. ನೇರ ಬಿಸಿಲು ತಾಕದ ಬೆಳಕಿನಲ್ಲಿ ಬಂದ ಮೊಳಕೆ ಉಗುರಿನಷ್ಟೇ ಉದ್ದ, ದಪ್ಪ, ನೇರಳೆ ಬೆರೆತ ಹಸಿರು. ಬುಡದ ಸುತ್ತ ಬೇರಿನ ಸಣ್ಣ ಗುಬುಟುಗಳು. ತುದಿಯಲ್ಲಿ ಒಂದೇ ಮೊಳಕೆ ಜೋರು ಮಾಡಿದರೆ ಚಿವುಟಿಬಿಡಿ, ಅದು ಅದುಮಿಟ್ಟ ಉಳಿದ ಕಣ್ಣುಗಳು ತೆರೆಯುತ್ತವೆ. ಗಡ್ಡೆಯ ಸಿಪ್ಪೆಯೂ ಹಸಿರಾಗುತ್ತದೆ. ಬೀಜಕ್ಕೆ ಅದರಿಂದ ತೊಂದರೆಯಿಲ್ಲ, ಆದರೆ ಅಪ್ಪಿತಪ್ಪಿಯೂ ಪಲ್ಯಕ್ಕೆ ಹೋಗಬಾರದು. ಆ ಹಸಿರಿನ ಜೊತೆಗೆ ಸೊಲನಿನ್ ಎಂಬ ನಂಜೂ ಕೂಡಿರುತ್ತದೆ.

ಇನ್ನು ಕೊಯ್ಯಬೇಕೋ ಬೇಡವೋ ಎಂಬ ಹಳೆಯ ಜಗಳ. ನನ್ನ ಪಕ್ಷ ಸ್ಪಷ್ಟ: ನಮ್ಮ ಬೆಚ್ಚನೆಯ ಮಣ್ಣಿಗೆ ಮೊಟ್ಟೆಗಾತ್ರದ ಇಡೀ ಗಡ್ಡೆಯೇ ಲೇಸು. ಮೊದಲ ವರ್ಷ ಸಂತೆಯಿಂದ ಮುಷ್ಟಿಗಾತ್ರದವನ್ನೇ ಆರಿಸಿ ತಂದು, ಈಳಿಗೆಯಲ್ಲಿ ನಾಲ್ಕಾಗಿ ಹೆಚ್ಚಿ, ಅದೇ ಸಂಜೆ ಎರೆಮಣ್ಣಿಗೆ ಹಾಕಿ ನೀರು ಬಿಟ್ಟೆ. ಎಂಟು ದಿನದ ಮೇಲೆ ಕೆದರಿದರೆ ಬೆರಳಿಗಂಟಿದ್ದು ನಾರುವ ಗಂಜಿ. ಗಾಯ ಮಾಯುವ ಮೊದಲೇ ಹಸಿ ನೆಲಕ್ಕೆ ಹಾಕಿದ್ದೆ. ದೊಡ್ಡ ಗಡ್ಡೆಯೇ ಸಿಕ್ಕಿದರೆ ಉದ್ದಕ್ಕೆ ಕೊಯ್ಯಿರಿ, ತುದಿಯ ಚುರುಕು ಕಣ್ಣುಗಳು ಎರಡೂ ಪಾಲಿಗೆ ಹಂಚಿಹೋಗುತ್ತವೆ. ಹೋಳು 40-50 ಗ್ರಾಂ ಇರಲಿ, ಕನಿಷ್ಠ ಎರಡು ಕಣ್ಣಿರಲಿ. ಗಡ್ಡೆಯಿಂದ ಗಡ್ಡೆಗೆ ಚಾಕು ತೊಳೆಯಿರಿ. ಕೊಯ್ದ ಮುಖ ಅಂಗೈಗೆ ಅಂಟದಷ್ಟು ಒಣಗಲು ನೆರಳಲ್ಲಿ ಎರಡು-ಮೂರು ದಿನ ಬೇಕು.

ಮೊಟ್ಟೆಗಾತ್ರವೆಂದರೆ ರೋಗ ಬಡಿದ ಗಿಡದ ಪೀಚುಗಡ್ಡೆ ಅಲ್ಲ. ನಂಜುರೋಗ ಬೀಜದ ಬೆನ್ನೇರಿಯೇ ಬರುತ್ತದೆ. ಬೀಜಕ್ಕೆಂದೇ ಬೆಳೆದದ್ದು ಸಿಕ್ಕರೆ ನಾಲ್ಕು ಕಾಸು ಹೆಚ್ಚು ಕೊಡಿ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ಕುಫ್ರಿ ಜ್ಯೋತಿ 1968ರಿಂದಲೂ ಚಾಲ್ತಿಯಲ್ಲಿದೆ, ನನ್ನ ಟ್ರೇಯಲ್ಲೂ ಅದೇ.

ಅಮಾವಾಸ್ಯೆ ಬಂತೆಂದರೆ ಲೆಕ್ಕ ಸುಲಭ. ಟ್ರೇಗೆ 30 ಕುಳಿ. ಗಡ್ಡೆಯಿಂದ ಗಡ್ಡೆಗೆ ಗೇಣು, ಸಾಲಿನಿಂದ ಸಾಲಿಗೆ ಎರಡಡಿ, ಆಳ ನಾಲ್ಕು ಬೆರಳು, ಮೊಳಕೆ ಆಕಾಶ ನೋಡುವಂತೆ. ಹಿತ್ತಲಲ್ಲಿ ಹನ್ನೊಂದು ಅಡಿಯ ಎರಡು ಸಾಲಿಗೆ ಟ್ರೇ ಖಾಲಿ. ಕಾಕಾ ಅವರ ಪಾಲು ಫೆಬ್ರವರಿಯಲ್ಲಿ, ಅದೇ ಟ್ರೇಯಲ್ಲಿ ಹೋಗುತ್ತದೆ.