ಪಂಚಶೀಲ: ಕೈಬಿಟ್ಟ ಏಳು ಪದಗಳು

ಪಂಚಶೀಲವೆಂಬ ಪದವನ್ನು ನಮ್ಮ ವಿದ್ಯಾರ್ಥಿಗಳು ಬೌದ್ಧಮತದ ಪಾಠದಲ್ಲಿ ಓದಿರುತ್ತಾರೆ. 1954ರ ಭಾರತ-ಚೀನ ಒಪ್ಪಂದದ ಪ್ರಸಂಗದಲ್ಲಿ ಮತ್ತೊಮ್ಮೆ ಕೇಳಿರುತ್ತಾರೆ. ಸಾಂಗೆ ತಾಲೂಕಿನ ವಾಚಕರಿಗೆ ಮೊದಲನೆಯದು ದೂರದ ಮಾತೂ ಅಲ್ಲ. ರಿವಣದ ಗುಹೆಗಳಲ್ಲಿ ಬೌದ್ಧ ಭಿಕ್ಷುಗಳು ವಾಸವಾಗಿದ್ದರೆಂದು ಬಲ್ಲವರು ಹೇಳುತ್ತಾರೆ. ಆದರೆ ಮೂರನೆಯದೊಂದು ಪಂಚಶೀಲವುಂಟು. ಜನಸಂಖ್ಯೆಯಲ್ಲಿ 100ಕ್ಕೆ 85ಕ್ಕಿಂತ ಹೆಚ್ಚು ಮಂದಿ ಮುಸಲ್ಮಾನರಾಗಿರುವ ಇಂಡೋನೇಷ್ಯ ದೇಶವು ತನ್ನ ರಾಜ್ಯದ ಮೂಲತತ್ತ್ವಕ್ಕೆ ಇಟ್ಟುಕೊಂಡಿರುವ ಹೆಸರು ಇದೇ. ರಾಜ್ಯದ ತತ್ತ್ವವೂ ಪದಗಳಿಂದ ಕಟ್ಟಿದ ರಚನೆಯಾದುದರಿಂದ ಅದನ್ನು ಸಾಹಿತ್ಯಕೃತಿಯೊಂದನ್ನು ಓದುವ ಕಣ್ಣಿನಿಂದ ಓದಬಹುದೆಂದು ನಾವು ಭಾವಿಸುತ್ತೇವೆ.

1945ರ ಜೂನ್ 1ರಂದು, ಜಪಾನೀಯರ ಆಳ್ವಿಕೆ ಇನ್ನೂ ಮುಗಿಯದಿದ್ದಾಗ, ಸ್ವಾತಂತ್ರ್ಯದ ಸಿದ್ಧತೆಗಾಗಿ ಕೂಡಿದ್ದ ಸಮಿತಿಯ ಮುಂದೆ ಸುಕರ್ಣೊ ಅವರು ಮಾಡಿದ ಭಾಷಣದಲ್ಲಿ ಈ ಹೆಸರು ಹೊರಬಂದಿತು. 'ಪಂಚಧರ್ಮ' ಎಂಬುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಧರ್ಮವೆಂದರೆ ಕರ್ತವ್ಯ, ತಮಗೆ ಬೇಕಾದುದು ತಳಹದಿ ಎಂದು ಹೇಳಿ, ಭಾಷಾತಜ್ಞ ಮಿತ್ರರೊಬ್ಬರ ಸೂಚನೆಯಂತೆ 'ಶೀಲ'ವನ್ನು ಆರಿಸಿಕೊಂಡರು. ನಮ್ಮ ಪಂಡಿತರು ಇಲ್ಲಿ ಹುಬ್ಬು ಗಂಟಿಕ್ಕಿಯಾರು: ಶೀಲವೆಂದರೆ ನಡತೆಯಲ್ಲವೆ, ಅದು ತಳಹದಿಯಾದುದು ಹೇಗೆ? ಶಿಲೆಯೆಂದು ಕೇಳಿಸಿತೋ ಏನೋ ಎಂದು ನಗುವವರೂ ಇದ್ದಾರು. ನಮಗೆ ಈ ಅರ್ಥಪಲ್ಲಟವು ದೋಷವಾಗಿ ತೋರುವುದಿಲ್ಲ. ಕಡಲು ದಾಟಿದ ಪದವು ಹೋದೂರಿನ ನೀರನ್ನು ಕುಡಿಯಲೇಬೇಕು.

ಈಗ ರೂಢಿಯಲ್ಲಿರುವ ಐದು ತತ್ತ್ವಗಳೆಂದರೆ ಏಕೈಕ ದೇವರಲ್ಲಿ ನಂಬಿಕೆ, ನ್ಯಾಯವೂ ಸಭ್ಯತೆಯೂ ಉಳ್ಳ ಮಾನವತೆ, ದೇಶದ ಐಕ್ಯ, ಸಮಾಲೋಚನೆಯಿಂದ ನಡೆಯುವ ಪ್ರಜಾಪ್ರಭುತ್ವ ಮತ್ತು ಸಾಮಾಜಿಕ ನ್ಯಾಯ. ನಾಲ್ಕನೆಯದರ ಮೂಲವಾಕ್ಯವನ್ನು ಬಿಡಿಸಿ ನೋಡಿದರೆ ಕನ್ನಡಿಗನಿಗೆ ಸಂತೋಷವಾಗುತ್ತದೆ. 'ರಾಕ್ಯತ್', 'ಹಿಕ್ಮತ್', 'ವಕಿಲ್' ಎಂಬ ಅರಬ್ಬೀ ಮೂಲದ ಪದಗಳು ಅದರೊಳಗಿವೆ. ಇವು ನಮ್ಮ ರೈತ, ಹಿಕಮತ್ತು, ವಕೀಲ ಎಂಬವುಗಳ ಒಡಹುಟ್ಟುಗಳು. (ಅಲ್ಲಿ ವಿವೇಕವಾಗಿ ಉಳಿದ ಹಿಕಮತ್ತು ನಮ್ಮಲ್ಲಿ ಬರಿಯ ತಂತ್ರವಾಯಿತು; ಅದರ ಕಾರಣವನ್ನು ವಾಚಕರೇ ಊಹಿಸಲಿ.) ಅವುಗಳ ಬದಿಯಲ್ಲಿಯೇ 'ಬಿಜಕ್ಸನ' ಎಂಬುದು ಕುಳಿತಿದೆ, ಅದು ಸಂಸ್ಕೃತದ 'ವಿಚಕ್ಷಣ'. ಅರಬ್ಬಿಯೂ ಸಂಸ್ಕೃತವೂ ಒಂದೇ ವಾಕ್ಯದಲ್ಲಿ ಜಗಳವಿಲ್ಲದೆ ಬಾಳುತ್ತಿವೆ. 1950ರಲ್ಲಿ ಅಂಗೀಕೃತವಾದ ರಾಷ್ಟ್ರಲಾಂಛನದಲ್ಲಿ ಗರುಡನಿದ್ದಾನೆ. ಅವನು ಹಿಡಿದಿರುವ ಧ್ಯೇಯವಾಕ್ಯವು 14ನೆಯ ಶತಮಾನದ ಜಾವಾ ಕವಿ ತಂತುಲಾರನ 'ಸುತಸೋಮ' ಕಾವ್ಯದಿಂದ ಬಂದುದು.

ಇಷ್ಟನ್ನೇ ಹೇಳಿ ಹೊಗಳಿ ಮುಗಿಸುವುದು ಸುಲಭ. ಆದರೆ ಈ ರಚನೆಯ ನಿಜವಾದ ಸತ್ತ್ವವು ಅದರಲ್ಲಿರುವ ಪದಗಳಿಗಿಂತ ಅದರಿಂದ ತೆಗೆದುಹಾಕಿದ ಪದಗಳಲ್ಲಿದೆಯೆಂಬುದು ನಮ್ಮ ಅಭಿಪ್ರಾಯ. 1945ರ ಜೂನ್ 22ರಂದು ಒಂಬತ್ತು ಮಂದಿಯ ಸಮಿತಿಯೊಂದು ಪೀಠಿಕೆಯ ಕರಡನ್ನು ಸಿದ್ಧಪಡಿಸಿತು. ಒಂಬತ್ತರಲ್ಲಿ ಎಂಟು ಮಂದಿ ಮುಸಲ್ಮಾನರು, ಒಬ್ಬರು ಕ್ರೈಸ್ತರು. ಆ ಕರಡಿನಲ್ಲಿ ದೇವರ ನಂಬಿಕೆಯ ಮಾತಿನ ಹಿಂದೆಯೇ, ಇಸ್ಲಾಮಿನ ಅನುಯಾಯಿಗಳು ಷರೀಯತ್ತನ್ನು ಆಚರಿಸತಕ್ಕದ್ದೆಂಬ ಮಾತು ಬಂದಿತು. ಮೂಲಭಾಷೆಯಲ್ಲಿ ಅದು ಏಳೇ ಪದ. ಆಗಸ್ಟ್ 17ರಂದು ಸ್ವಾತಂತ್ರ್ಯದ ಘೋಷಣೆಯಾಯಿತು. ಈ ಏಳು ಪದಗಳಿದ್ದರೆ ಪೂರ್ವದ್ವೀಪಗಳ ಕ್ರೈಸ್ತರು ಗಣರಾಜ್ಯದಲ್ಲಿ ಸೇರಲಾರರೆಂಬ ಸುದ್ದಿ ಮಹಮ್ಮದ್ ಹತ್ತಾ ಅವರನ್ನು ತಲುಪಿತು. ಮರುದಿನ, ಆಗಸ್ಟ್ 18ರಂದು, ಅವರು ಮುಸಲ್ಮಾನ ನಾಯಕರೊಡನೆ ಮಾತನಾಡಿ ಒಪ್ಪಿಸಿದರು. ಏಳು ಪದಗಳು ಹೋದುವು. ರಾಷ್ಟ್ರಾಧ್ಯಕ್ಷನು ಮುಸಲ್ಮಾನನೇ ಆಗಿರಬೇಕೆಂಬ ನಿಬಂಧನೆಯೂ ಹೋಯಿತು. ಒಪ್ಪಿದವರಲ್ಲಿ ಅತ್ಯಂತ ಕಷ್ಟಪಟ್ಟು ಒಪ್ಪಿದವರು ಮಹಮ್ಮದೀಯ ಸಂಸ್ಥೆಯ ಮುಖಂಡರಾದ ಕಿ ಬಾಗುಸ್ ಹದಿಕುಸುಮೊ. ತಮ್ಮವರೇ ಬಹುಸಂಖ್ಯಾತರಾಗಿರುವಾಗ ಬಿಟ್ಟುಕೊಡುವುದೇಕೆಂಬ ಅವರ ಪ್ರಶ್ನೆ ಹುರುಳಿಲ್ಲದುದೆಂದು ನಾವು ತಳ್ಳಿಹಾಕಲಾರೆವು.

ಭಾಷೆಯ ವಿಷಯದಲ್ಲಿಯೂ ಇದೇ ಬಗೆಯ ತ್ಯಾಗ ನಡೆದಿದ್ದಿತು. ಜನಸಂಖ್ಯೆಯಲ್ಲಿ ಎಲ್ಲರಿಗಿಂತ ದೊಡ್ಡ ಗುಂಪು ಜಾವಾದವರದು, ಸಾಹಿತ್ಯಸಂಪತ್ತೂ ಅವರದೇ. ಆದರೂ 1928ರ ಅಕ್ಟೋಬರ್ 28ರಂದು ತರುಣರು ಪ್ರತಿಜ್ಞೆ ಮಾಡಿದಾಗ ಐಕ್ಯದ ಭಾಷೆಯಾಗಿ ಎತ್ತಿಹಿಡಿದದ್ದು ಬಂದರುಬಂದರುಗಳಲ್ಲಿ ವ್ಯಾಪಾರಿಗಳು ಆಡುತ್ತಿದ್ದ ಮಲಯವನ್ನು. ಇದಕ್ಕೆ ಪ್ರತಿಯಾಗಿ ಪಾಕಿಸ್ತಾನವನ್ನು ನೋಡೋಣ. 1947ರ ಆಗಸ್ಟ್ 11ರಂದು ಜಿನ್ನಾ ಅವರು ಧರ್ಮಕ್ಕೂ ರಾಜ್ಯದ ವ್ಯವಹಾರಕ್ಕೂ ಸಂಬಂಧವಿಲ್ಲವೆಂದು ಸಂವಿಧಾನಸಭೆಯಲ್ಲಿ ನುಡಿದರು. 1949ರ ಮಾರ್ಚ್ 12ರಂದು ಅದೇ ಸಭೆಯು, ಅಲ್ಪಸಂಖ್ಯಾತ ಸದಸ್ಯರ ವಿರೋಧವನ್ನು ಮೀರಿ, ಪದಗಳನ್ನು ಸೇರಿಸುವ ದಾರಿಯನ್ನು ಹಿಡಿಯಿತು. ಭಾಷೆಯಲ್ಲಿಯೂ ಹಾಗೆಯೇ. ಉರ್ದುವೊಂದೇ ರಾಜ್ಯಭಾಷೆಯೆಂದು 1948ರಲ್ಲಿ ಢಾಕಾದಲ್ಲಿ ಸಾರಿದರು. 1952ರ ಫೆಬ್ರವರಿ 21ರಂದು ಅಲ್ಲಿ ಬಂಗಾಳಿಗಾಗಿ ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದರು. 1971ರಲ್ಲಿ ದೇಶವೇ ಎರಡಾಯಿತು. ಅನ್ಯಭಾಷೆಯ ನಾಡಿನಲ್ಲಿ ಕನ್ನಡ ಕಲಿಸುವ ನಮ್ಮಂಥವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ದೋಷಗಳ ಮಾತು. ಮೊದಲನೆಯ ಶೀಲವು ನಾಸ್ತಿಕನಿಗೆ ಎಡೆಗೊಡುವುದಿಲ್ಲ. ಅದಕ್ಕಿಂತಲೂ ವಿಚಿತ್ರವಾದುದು ಬೌದ್ಧರ ಪಾಡು. ಸೃಷ್ಟಿಕರ್ತನಾದ ದೇವರ ಮಾತನ್ನೆತ್ತದ ಬೌದ್ಧಮತದಿಂದಲೇ ಬಂದ ಪದವಿದು. ಆದರೆ ಅದೇ ಪಂಚಶೀಲದ ರಾಜ್ಯದಲ್ಲಿ ಮನ್ನಣೆ ಪಡೆಯಲು ಬೌದ್ಧರು ಒಬ್ಬ ದೇವರನ್ನು ತೋರಿಸಬೇಕಾಯಿತು. ಅಶಿನ್ ಜಿನರಕ್ಖಿತ ಎಂಬ ಭಿಕ್ಷುಗಳು ಆದಿಬುದ್ಧನನ್ನು ಮುಂದಿಟ್ಟು ಈ ಸಂಕಟದಿಂದ ಪಾರುಮಾಡಿದರು. ಬಾಲಿಯ ಹಿಂದೂಗಳೂ ತಮ್ಮ ಅನೇಕ ದೇವತೆಗಳ ಮೇಲೆ ಒಬ್ಬನೇ ಪರಮಾತ್ಮನನ್ನು ನಿಲ್ಲಿಸಿ ತೋರಿಸಿದರು. ಒಂದು ಕಾಲಕ್ಕೆ ನಮ್ಮ ಗೋವೆಯ ಪೋರ್ಚುಗೀಸ್ ವೈಸರಾಯರ ಅಧೀನದಲ್ಲಿದ್ದ ಪೂರ್ವ ಟಿಮೋರನ್ನು ಇಂಡೋನೇಷ್ಯವು 1975ರಲ್ಲಿ ಆಕ್ರಮಿಸಿದಾಗ, ಹಿರಿಯರ ನಂಬಿಕೆಗಳಲ್ಲಿದ್ದ ಅಲ್ಲಿನ ಜನರು ಮಾನ್ಯತೆಯುಳ್ಳ ಮತವೊಂದನ್ನು ಹೇಳಬೇಕಾಗಿ ಬಂದು ಗುಂಪುಗುಂಪಾಗಿ ಕೆಥೋಲಿಕರಾದರು. ಇಂತಹ ಮೂಲನಂಬಿಕೆಗಳನ್ನು ಗುರುತುಚೀಟಿಯಲ್ಲಿ ಬರೆಯಿಸಬಹುದೆಂದು ಇಂಡೋನೇಷ್ಯದ ಸಂವಿಧಾನ ನ್ಯಾಯಾಲಯವು ತೀರ್ಪಿತ್ತದ್ದು 2017ರಲ್ಲಿ.

ಅಧ್ಯಾಪಕರು ಗಮನಿಸಬೇಕಾದ ದೋಷ ಬೇರೊಂದಿದೆ. 1965-66ರಲ್ಲಿ ಕಮ್ಯೂನಿಸ್ಟರೆಂಬ ಹೆಸರಿನಲ್ಲಿ ಲಕ್ಷಾಂತರ ಮಂದಿಯ ಹತ್ಯೆಯಾಯಿತು. ಅದರ ಮೇಲೆ ಅಧಿಕಾರಕ್ಕೆ ಬಂದ ಸುಹಾರ್ತೊ ಅವರು ಪಂಚಶೀಲವನ್ನು ಬಿಡಲಿಲ್ಲ, ಅದನ್ನು ಪೂಜೆಗೆ ಕೂರಿಸಿದರು. ಅಕ್ಟೋಬರ್ 1 ಪಂಚಶೀಲದ ಪವಿತ್ರಶಕ್ತಿಯ ದಿನವಾಯಿತು. 1978ರಿಂದ ಶಾಲೆಗಳಲ್ಲಿಯೂ ಕಚೇರಿಗಳಲ್ಲಿಯೂ ಕಡ್ಡಾಯ ತರಗತಿಗಳು ನಡೆದುವು. 1985ರ ಕಾಯಿದೆಗಳು ಎಲ್ಲ ಪಕ್ಷಗಳೂ ಸಂಘಗಳೂ ಇದೊಂದನ್ನೇ ಆಧಾರವೆಂದು ಬರೆದುಕೊಳ್ಳಬೇಕೆಂದು ವಿಧಿಸಿದುವು. ಬಿಟ್ಟುಕೊಡುವುದರಿಂದ ಹುಟ್ಟಿದ ತತ್ತ್ವವನ್ನು ಬಾಯಿಪಾಠ ಮಾಡಿಸಿ ಒಪ್ಪಿಸುವಂತಾದುದು ಆ ತತ್ತ್ವಕ್ಕೆ ಶತ್ರುಗಳೂ ಮಾಡದ ಅಪಚಾರವೆನ್ನದೆ ವಿಧಿಯಿಲ್ಲ. 1998ರಲ್ಲಿ ಸುಹಾರ್ತೊ ಇಳಿದರು. ಆ ತರಗತಿಗಳೂ ನಿಂತುವು.

ಬಾಯಿಪಾಠದ ಕಾಲ ಕಳೆದ ಮೇಲೆ ಪರೀಕ್ಷೆಯೊಂದು ತಾನಾಗಿ ಬಂದಿತು. ಸಂವಿಧಾನದ ತಿದ್ದುಪಡಿಗಳು ನಡೆಯುತ್ತಿದ್ದಾಗ ಕೆಲವು ಪಕ್ಷಗಳು ಹಳೆಯ ಏಳು ಪದಗಳ ಬೇಡಿಕೆಯನ್ನು ಮತ್ತೆ ಎತ್ತಿದುವು. 2002ರ ಆಗಸ್ಟಿನಲ್ಲಿ ಆ ಪ್ರಯತ್ನ ಬಿದ್ದುಹೋಯಿತು. ಬೇಡವೆಂದು ಗಟ್ಟಿಯಾಗಿ ಹೇಳಿದವರಲ್ಲಿ ದೇಶದ ಅತಿ ದೊಡ್ಡ ಎರಡು ಮುಸಲ್ಮಾನ ಸಂಸ್ಥೆಗಳಿದ್ದುವು. ಒಂದು ನಹ್ದತುಲ್ ಉಲಮಾ. ಇನ್ನೊಂದು ಕಿ ಬಾಗುಸ್ ಹದಿಕುಸುಮೊ ಅವರು ನಡೆಸಿದ್ದ ಅದೇ ಮಹಮ್ಮದೀಯ.